3 ಎಂಎಲ್‌ಡಿ ಎಸ್‌ಟಿಪಿಗೆ ಒಪ್ಪುವ ಮೊದಲು ಚರಂಡಿಯ ನೀರು ಅಳೆಯಿರಿ

ಪ್ರಶ್ನೆ: ನಮ್ಮದು ಬಯಲುಸೀಮೆಯ ಪುರಸಭೆ. ಜನಸಂಖ್ಯೆ ಸುಮಾರು 28,000, ಮನೆಗಳು 6,000. ಯುಜಿಡಿ (ಒಳಚರಂಡಿ) ಇಲ್ಲ. ಶೌಚಾಲಯಕ್ಕೆ ಗುಂಡಿ ಅಥವಾ ಸೆಪ್ಟಿಕ್ ಟ್ಯಾಂಕ್. ಬಚ್ಚಲು, ಅಡುಗೆಮನೆಯ ನೀರು ರಸ್ತೆ ಬದಿಯ ಚರಂಡಿ ಹಿಡಿದು ಊರ ಕೆರೆಗೆ ಸೇರುತ್ತದೆ. ಖಾಸಗಿಯವರ ಎರಡು ಸಕ್ಕಿಂಗ್ ಮಷಿನ್‌ಗಳು ಗುಂಡಿ, ಟ್ಯಾಂಕುಗಳಿಂದ ಹೀರಿ ತುಂಬಿಸಿಕೊಂಡದ್ದನ್ನು ಊರಾಚೆಯ ಹಳ್ಳಕ್ಕೆ ಸುರಿಯುತ್ತವೆ. ಕನ್ಸಲ್ಟೆಂಟ್ ಒಬ್ಬರು 3 ಎಂಎಲ್‌ಡಿ ಸಾಮರ್ಥ್ಯದ ಎಸ್‌ಬಿಆರ್ ಮಾದರಿಯ (ಒಂದೇ ತೊಟ್ಟಿಯಲ್ಲಿ ಸರದಿಯಂತೆ ಗಾಳಿ ಊದಿ ತಿಳಿಗೊಳಿಸುವ) ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕ ಕಟ್ಟಲು ಪ್ರಸ್ತಾವ ತಂದಿದ್ದಾರೆ. ಕೆರೆಯ ಮೇಲುಭಾಗದಲ್ಲಿ ಪುರಸಭೆಯ ನಾಲ್ಕು ಎಕರೆ ಜಾಗ ಇದೆ. ಒಪ್ಪಬಹುದೇ? ಬೇರೆ ದಾರಿ ಇದೆಯೇ?
ಪುರಸಭೆ ಸದಸ್ಯರೊಬ್ಬರು

ಉತ್ತರ: ಈಗಲೇ ಒಪ್ಪಬೇಡಿ. ಎಸ್‌ಬಿಆರ್ ಕೆಟ್ಟ ತಂತ್ರವೇನಲ್ಲ. ಆದರೆ ನಿಮ್ಮ ಊರಿನಲ್ಲಿ ಅದಕ್ಕೆ ಬೇಕಾದಷ್ಟು ಕೊಳಚೆ ನೀರೂ ಇಲ್ಲ, ಆ ನೀರನ್ನು ಘಟಕದವರೆಗೆ ತರುವ ಪೈಪೂ ಇಲ್ಲ.

3 ಎಂಎಲ್‌ಡಿ ಅಂದರೆ ದಿನಕ್ಕೆ 30 ಲಕ್ಷ ಲೀಟರ್. ಈ ಅಂಕಿ ಎಲ್ಲಿಂದ ಬಂತು ಎಂದು ಹುಡುಕುವುದು ಕಷ್ಟವಲ್ಲ. ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಟ್ಟು, ಅದರಲ್ಲಿ ಶೇ 80ರಷ್ಟು ಕೊಳಚೆಯಾಗಿ ಹೊರಬರುತ್ತದೆ ಎಂದು ಹಿಡಿದು 28,000ದಿಂದ ಗುಣಿಸಿದರೆ ಹೆಚ್ಚುಕಡಿಮೆ ಇಷ್ಟೇ ಬರುತ್ತದೆ. ಆದರೆ 135 ಎಂಬುದು ಒಳಚರಂಡಿ ಇರುವ ಊರಿಗೆ ಸಿಪಿಎಚ್‌ಇಇಒ (ನೀರು, ಒಳಚರಂಡಿ ವಿಷಯದ ಕೇಂದ್ರ ಸರ್ಕಾರದ ತಾಂತ್ರಿಕ ಸಂಸ್ಥೆ) ಕೈಪಿಡಿ ಹೇಳುವ ಪ್ರಮಾಣ. ಒಳಚರಂಡಿ ಇಲ್ಲದ ಊರಿಗೆ ಅದೇ ಕೈಪಿಡಿ ಹೇಳುವುದು 70 ಲೀಟರ್. ಆ ಲೆಕ್ಕದಲ್ಲಿ ಕೊಳಚೆ 16 ಲಕ್ಷ ಲೀಟರ್ ದಾಟುವುದಿಲ್ಲ. ಇದರಲ್ಲೂ ಶೌಚಾಲಯದ ನೀರು ಗುಂಡಿಯಲ್ಲೇ ಇಂಗುತ್ತದೆ, ಮಣ್ಣಿನ ಚರಂಡಿ ದಾರಿಯಲ್ಲಿ ಇನ್ನಷ್ಟು ಕುಡಿಯುತ್ತದೆ. ನಾಲ್ಕು ದಿನಕ್ಕೊಮ್ಮೆ ನಲ್ಲಿ ನೀರು ಬಿಡುವ ಊರಾದರೆ ಕೊನೆಗೆ ಕೆರೆಯ ಬಾಯಿಗೆ ಬರುವುದು ಏಳೆಂಟು ಲಕ್ಷ ಲೀಟರ್ ಇದ್ದರೆ ಆಶ್ಚರ್ಯವಿಲ್ಲ.

ಹೀಗೆ ಕಾಲು ಭಾಗ ಮಾತ್ರ ತುಂಬುವ ಎಸ್‌ಬಿಆರ್ ಯಾಕೆ ಕೆಡುತ್ತದೆ? ಅದು ತೊಟ್ಟಿಗೆ ನೀರು ತುಂಬಿ, ಬ್ಲೋವರ್‌ನಿಂದ ಗಾಳಿ ಊದಿ, ನಿಲ್ಲಿಸಿ, ಮೇಲಿನ ತಿಳಿ ನೀರನ್ನು ಬಸಿಯುವ ವ್ಯವಸ್ಥೆ. ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾ ಕೆಸರಿನ ಉಂಡೆಗಳಾಗಿ ತಳಕ್ಕೆ ಕೂತರೆ ಮಾತ್ರ ಮೇಲಿನ ನೀರು ತಿಳಿಯಾಗುತ್ತದೆ. ಆಹಾರ ಕಡಿಮೆಯಾಗಿ ಗಾಳಿ ಹೆಚ್ಚಾದರೆ ಉಂಡೆಗಳು ಒಡೆದು ಪುಡಿಯಾಗಿ, ಬಸಿಯುವ ನೀರಿನ ಜೊತೆಗೇ ಹೊರಗೆ ಹೋಗುತ್ತವೆ. ಜೊತೆಗೆ ಕರೆಂಟ್ ಖರ್ಚು: ಈ ಬಗೆಯ ಘಟಕಕ್ಕೆ ಹತ್ತು ಲಕ್ಷ ಲೀಟರ್‌ಗೆ ಸುಮಾರು 150ರಿಂದ 250 ಯೂನಿಟ್ ಬೇಕು, ಅರ್ಧಂಬರ್ಧ ತುಂಬಿದಾಗ ಲೀಟರ್ ಲೆಕ್ಕದಲ್ಲಿ ಅದು ಇನ್ನೂ ಏರುತ್ತದೆ. ಬಿಲ್ ಕಟ್ಟಲಾಗದೆ ಬ್ಲೋವರ್ ನಿಲ್ಲಿಸಿದ ದಿನವೇ ಘಟಕ ಸತ್ತಂತೆ. ಆಮೇಲೆ ಅದು ಬರೀ ಕೊಳಚೆ ಹಾದುಹೋಗುವ ಕಾಂಕ್ರೀಟ್ ತೊಟ್ಟಿ.

ಆದ್ದರಿಂದ ಮೊದಲ ಕೆಲಸ ಅಳತೆ. ಕೆರೆಗೆ ಸೇರುವ ಪ್ರತಿ ಚರಂಡಿಯ ಬಾಯಲ್ಲಿ ಒಂದು ವಿ-ನಾಚ್ ತಗಡು ನಿಲ್ಲಿಸಿ. 3 ಮಿ.ಮೀ. ದಪ್ಪದ ಕಬ್ಬಿಣದ ಶೀಟಿನಲ್ಲಿ 90 ಡಿಗ್ರಿಯ ವಿ ಆಕಾರ ಕತ್ತರಿಸಿದರೆ ಸಾಕು, ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಆಗುತ್ತದೆ. ವಿ-ಯ ಮೊನೆ ಚರಂಡಿಯ ತಳಕ್ಕಿಂತ ಕನಿಷ್ಠ 15 ಸೆಂ.ಮೀ. ಮೇಲಿರಬೇಕು, ಆಚೆ ಬದಿ ನೀರು ಗಾಳಿಯಲ್ಲಿ ಧುಮುಕಬೇಕು. ಪಕ್ಕದ ಸಂದುಗಳನ್ನು ಜೇಡಿಮಣ್ಣು, ಗೋಣಿಚೀಲದಿಂದ ಮುಚ್ಚಿ. ನೀರಿನ ಎತ್ತರವನ್ನು ತಗಡಿನ ಹತ್ತಿರ ಅಳೆಯಬೇಡಿ, ಅಲ್ಲಿ ಮಟ್ಟ ಕುಸಿದಿರುತ್ತದೆ. ಮೇಲುಗಡೆ 80 ಸೆಂ.ಮೀ. ದೂರದಲ್ಲಿ ಸ್ಕೇಲ್ ನೆಟ್ಟು, ವಿ-ಯ ಮೊನೆಯ ಮಟ್ಟವನ್ನು ಸೊನ್ನೆ ಎಂದು ಗುರುತು ಹಾಕಿ. ಎತ್ತರ 5 ಸೆಂ.ಮೀ. ಇದ್ದರೆ ಸೆಕೆಂಡಿಗೆ 0.8 ಲೀಟರ್, 10 ಇದ್ದರೆ 4.4, 15 ಇದ್ದರೆ 12, 20 ಇದ್ದರೆ 25 ಲೀಟರ್. ಎತ್ತರ ಎರಡು ಪಟ್ಟಾದರೆ ಹರಿವು ಐದೂವರೆ ಪಟ್ಟು ಮೀರುತ್ತದೆ, ಹಾಗಾಗಿ ಒಂದು ಸೆಂ.ಮೀ. ತಪ್ಪು ಓದಿದರೂ ಲೆಕ್ಕ ಹಳ್ಳ ಹಿಡಿಯುತ್ತದೆ. 24 ಗಂಟೆ, ಗಂಟೆಗೊಮ್ಮೆ ಓದಿ. ನಲ್ಲಿ ನೀರು ಬಿಟ್ಟ ದಿನ ಒಮ್ಮೆ, ಬಿಡದ ದಿನ ಒಮ್ಮೆ. ಎರಡರ ನಡುವಿನ ಅಂತರ ಬಯಲುಸೀಮೆಯ ಊರುಗಳಲ್ಲಿ ದೊಡ್ಡದಿರುತ್ತದೆ. ಪ್ರತಿ ಓದಿನ ಜೊತೆ ಹರಿವಿಗೆ ತಕ್ಕಷ್ಟು ನೀರು ಹಿಡಿದು ಒಂದೇ ಕ್ಯಾನಿಗೆ ಬೆರೆಸಿ, ಐಸ್ ಪೆಟ್ಟಿಗೆಯಲ್ಲಿಟ್ಟು, ಮುಗಿದ ಕೂಡಲೇ ಲ್ಯಾಬಿಗೆ ಕಳಿಸಿ. ಕೇಳಬೇಕಾದ ಪರೀಕ್ಷೆಗಳು ಬಿಒಡಿ (ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಕ್ಕೆ ಬೇಕಾಗುವ ಆಮ್ಲಜನಕ, ಅಂದರೆ ಕೊಳೆಯ ಅಳತೆ), ಸಿಒಡಿ (ರಾಸಾಯನಿಕದಿಂದ ಅಳೆಯುವ ಅಂಥದೇ ಅಳತೆ), ನೀರಿನಲ್ಲಿ ತೇಲಾಡುವ ಘನ ಕಣಗಳು. ಮಲದ ಕೋಲಿಫಾರ್ಮ್ (ಮಲದಿಂದ ಬರುವ ಬ್ಯಾಕ್ಟೀರಿಯಾ) ಪರೀಕ್ಷೆಗೆ ಮಾತ್ರ ಈ ಬೆರೆಸಿದ ನೀರು ಬೇಡ, ಲ್ಯಾಬಿನ ಸ್ಟೆರೈಲ್ ಬಾಟಲಿಯಲ್ಲಿ ಬೇರೆಯಾಗಿ ಹಿಡಿದು ಕೂಡಲೇ ಕಳಿಸಿ.

ಅಳತೆ ನಡೆಯುವಾಗಲೇ ಸಕ್ಕಿಂಗ್ ಮಷಿನ್‌ಗಳ ಕಡೆ ತಿರುಗಿ. ನನ್ನ ಮಟ್ಟಿಗೆ ನಿಮ್ಮ ಊರಿನ ಅತಿ ತುರ್ತು ಕೆಲಸ ಇದೇ, ಎಸ್‌ಟಿಪಿ ಅಲ್ಲ. ಸೆಪ್ಟಿಕ್ ಟ್ಯಾಂಕಿನ ಮಲತ್ಯಾಜ್ಯ ಚರಂಡಿ ನೀರಿಗಿಂತ ಹತ್ತಾರು ಪಟ್ಟು ಗಟ್ಟಿ. ಬಿಒಡಿ ಲೀಟರಿಗೆ 5,000 ಮಿಲಿಗ್ರಾಂ ಎಂದು ಹಿಡಿದರೆ 4,000 ಲೀಟರಿನ ಒಂದು ಲೋಡಿನಲ್ಲಿ 20 ಕೆ.ಜಿ. ಬಿಒಡಿ ಇರುತ್ತದೆ. ಒಬ್ಬ ಮನುಷ್ಯನ ದಿನದ ಪಾಲು ಸುಮಾರು 45 ಗ್ರಾಂ. ಅಂದರೆ ಒಂದೇ ಲೋಡು 440 ಜನರ ಇಡೀ ದಿನದ ಕೊಳೆಗೆ ಸಮ. ಹಳ್ಳಕ್ಕೆ ಸುರಿದರೆ ಇದರ ಜೊತೆ ಜಂತುಹುಳುವಿನ ಮೊಟ್ಟೆಗಳೂ ಹೋಗುತ್ತವೆ. ಸಣ್ಣ ಎಸ್‌ಟಿಪಿಗೆ ನೇರ ಸುರಿದರೂ ಅಷ್ಟೇ, ಆ ದಿನ ಅದರ ಕಥೆ ಮುಗಿಯಿತು.

ಮಷಿನ್‌ಗಳು ದಿನಕ್ಕೆ ಎಷ್ಟು ಟ್ರಿಪ್ ಹೊಡೆಯುತ್ತವೆ, ಟ್ಯಾಂಕ್ ಎಷ್ಟು ಲೀಟರಿನದು ಎಂದು ಚಾಲಕರನ್ನೇ ಕೇಳಿ, ಮಳೆಗಾಲ ಬೇಸಿಗೆ ಬೇರೆ ಬೇರೆಯಾಗಿ ಬರೆದುಕೊಳ್ಳಿ. ಅಂತರ್ಜಲ ಮೇಲೆ ಬಂದಾಗ ಗುಂಡಿಗಳು ಬೇಗ ತುಂಬುತ್ತವೆ. ಎಲ್ಲ ಮನೆಗಳ ಟ್ಯಾಂಕನ್ನೂ ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸುತ್ತೇವೆ ಎಂಬ ಕಾಗದದ ಲೆಕ್ಕ ಹಿಡಿದರೆ ನಿಮಗೆ ದಿನಕ್ಕೆ 20,000 ಲೀಟರಿನ ಘಟಕ ಬೇಕಾಗುತ್ತದೆ. ಆದರೆ ನಿಮ್ಮಲ್ಲಿ ಬಹುಪಾಲು ‘ಸೆಪ್ಟಿಕ್ ಟ್ಯಾಂಕ್’ಗಳು ತಳಕ್ಕೆ ಕಾಂಕ್ರೀಟ್ ಇಲ್ಲದ ಇಂಗುಗುಂಡಿಗಳೇ ಇರಬಹುದು; ಅವು ಹತ್ತು ವರ್ಷವಾದರೂ ತುಂಬುವುದಿಲ್ಲ, ಮಾಲೀಕರು ಮಷಿನ್ ಕರೆಯುವುದೂ ಇಲ್ಲ. ಸದ್ಯಕ್ಕೆ ದಿನಕ್ಕೆ ಮೂರು ಟ್ರಿಪ್, ಒಟ್ಟು 10,000 ಲೀಟರ್ ಎಂದು ಹಿಡಿದು ಮುಂದಿನ ಲೆಕ್ಕ ಹೇಳುತ್ತೇನೆ. ಹೋಲಿಕೆಗೆ ಹೇಳುವುದಾದರೆ, 2015ರಲ್ಲಿ ಬೆಂಗಳೂರಿನ ಸ್ವಯಂಸೇವಾ ಸಂಸ್ಥೆ ಸಿಡಿಡಿ ಸೊಸೈಟಿಯ ವಿನ್ಯಾಸದಲ್ಲಿ ಶುರುವಾದ ದೇವನಹಳ್ಳಿಯ ಮಲತ್ಯಾಜ್ಯ ಘಟಕದ ಸಾಮರ್ಥ್ಯ ದಿನಕ್ಕೆ 6,000 ಲೀಟರ್, ಆಗ ಆ ಊರೂ ನಿಮ್ಮ ಊರಿನ ಅಳತೆಯದ್ದೇ. ಒಮ್ಮೆ ಹೋಗಿ ನೋಡಿ ಬನ್ನಿ, ಜೊತೆಗೆ ನಿಮ್ಮ ಜೆಇ (ಕಿರಿಯ ಎಂಜಿನಿಯರ್) ಅವರನ್ನೂ ಮಷಿನ್ ಚಾಲಕರನ್ನೂ ಕರೆದುಕೊಂಡು ಹೋಗಿ.

ಮಲತ್ಯಾಜ್ಯಕ್ಕೆ ನಿಮ್ಮಂಥ ಬಿಸಿಲಿನ ಊರಿನಲ್ಲಿ ಒಣಗಿಸುವ ಮಡಿಗಳೇ ಸಾಕು. 8 ಮೀಟರ್ ಉದ್ದ, 5 ಮೀಟರ್ ಅಗಲದ ಒಂದು ಮಡಿಗೆ 25 ಸೆಂ.ಮೀ. ಎತ್ತರಕ್ಕೆ ಸುರಿದರೆ ಒಂದು ದಿನದ 10,000 ಲೀಟರ್ ಹಿಡಿಯುತ್ತದೆ. ಒಣಗಲು ಬೇಸಿಗೆಯಲ್ಲಿ ಹತ್ತು ಹನ್ನೆರಡು ದಿನ. ಲೆಕ್ಕಕ್ಕೆ ಹನ್ನೆರಡು ಮಡಿ ಸಾಕಾದರೂ ಮೋಡ ಮುಸುಕಿದ ದಿನಗಳಿಗೆ, ದುರಸ್ತಿಗೆ ಇನ್ನು ನಾಲ್ಕು ಕಟ್ಟಿ. ಒಂದು ಮಡಿಯನ್ನು ಒಂದೇ ದಿನದಲ್ಲಿ ತುಂಬಿಸಿ ಬಿಟ್ಟುಬಿಡಬೇಕು. ಅರ್ಧ ಒಣಗಿದ ಪದರದ ಮೇಲೆ ಮತ್ತೆ ಸುರಿದರೆ ಕೆಳಗಿನದು ಮುಚ್ಚಿಕೊಂಡು ಎರಡೂ ಒಣಗುವುದಿಲ್ಲ. ನಿರ್ವಹಣೆಯವರು ಅವಸರದಲ್ಲಿ ಮಾಡುವ ತಪ್ಪು ಹೆಚ್ಚಾಗಿ ಇದೇ.

ಮಡಿಯ ತಳ ಕಾಂಕ್ರೀಟಿನದಾಗಿರಲಿ, ನಡುವಿನ ತೂತಿನ ಪಿವಿಸಿ ಪೈಪಿನ ಕಡೆಗೆ ನೂರಕ್ಕೆ ಒಂದರ ಇಳಿಜಾರು ಇರಲಿ. ಅದರ ಮೇಲೆ 20ರಿಂದ 40 ಮಿ.ಮೀ. ಜಲ್ಲಿ 20 ಸೆಂ.ಮೀ., ಆಮೇಲೆ 5ರಿಂದ 15 ಮಿ.ಮೀ. ಜಲ್ಲಿ 10 ಸೆಂ.ಮೀ., ಎಲ್ಲಕ್ಕಿಂತ ಮೇಲೆ ಮರಳು 15 ಸೆಂ.ಮೀ. ಮರಳಿನ ವಿಷಯದಲ್ಲಿ ಗುತ್ತಿಗೆದಾರರನ್ನು ನಂಬಬೇಡಿ. ಈಗ ಸಿಗುವುದು ಎಂ-ಸ್ಯಾಂಡ್, ಅದರಲ್ಲಿ ಕಲ್ಲಿನ ಹಿಟ್ಟು ಹೆಚ್ಚು. ತೊಳೆಯದೆ ಹಾಸಿದರೆ ಹಿಟ್ಟು ಕೆಳಗಿಳಿದು ಜಲ್ಲಿಯ ಸಂದು ಕಟ್ಟಿಕೊಂಡು ಮಡಿ ಬಸಿಯುವುದೇ ಇಲ್ಲ. ಗಾಜಿನ ಬಾಟಲಿಗೆ ಒಂದು ಹಿಡಿ ಮರಳು, ಮುಕ್ಕಾಲು ನೀರು ಹಾಕಿ ಕುಲುಕಿ ಇಡಿ. ಎರಡು ಮೂರು ನಿಮಿಷದ ಮೇಲೂ ನೀರು ಬೂದಿ ಬಣ್ಣದಲ್ಲೇ ಇದ್ದರೆ ಆ ಲೋಡನ್ನು ಮತ್ತೆ ತೊಳೆಸಿ. ಕಣದ ಗಾತ್ರ 0.2ರಿಂದ 0.6 ಮಿ.ಮೀ. ಆಸುಪಾಸು ಇರಲಿ, ಜರಡಿ ವರದಿ ಕೇಳಿ. ಪೈಪಿನಿಂದ ಕೆಸರು ಬೀಳುವ ಜಾಗದಲ್ಲಿ ಒಂದು ಚಪ್ಪಡಿ ಕಲ್ಲು ಇಡಿಸಿ, ಇಲ್ಲದಿದ್ದರೆ ಮೊದಲ ದಿನವೇ ಮರಳಿನಲ್ಲಿ ಗುಂಡಿ ಬೀಳುತ್ತದೆ. ಮೇಲೆ ಬೆಳಕು ಹಾಯುವ ಪಾಲಿಕಾರ್ಬೊನೇಟ್ ಶೀಟಿನ ಮಾಡು ಹಾಕಿ, ಸುತ್ತ ಗಾಳಿಯಾಡಲು ತೆರೆದೇ ಬಿಡಿ. ಒಣಗಿದ ಮೇಲೆ ಮಲತ್ಯಾಜ್ಯ ಬಿರಿದು ಹಕ್ಕಳೆಯಾಗಿ ಏಳುತ್ತದೆ. ಚಪ್ಪಟೆ ಸಲಿಕೆಯಲ್ಲಿ ಎತ್ತುವಾಗ ಪ್ರತಿ ಸಲ ಸ್ವಲ್ಪ ಮರಳೂ ಹೋಗುತ್ತದೆ. ಪದರ 10 ಸೆಂ.ಮೀ.ಗೆ ಇಳಿದಾಗ ಹೊಸ ಮರಳು ತುಂಬಿ.

ಮಡಿಗೆ ಹೋಗುವ ಮೊದಲು ಲೋಡು ಕಂಬಿ ಜಾಲರಿ ದಾಟಬೇಕು. ಪ್ಯಾಡ್, ಬಟ್ಟೆ, ಬ್ಲೇಡು, ಗುಟ್ಕಾ ಚೀಟಿ ಎಲ್ಲ ಅಲ್ಲೇ ನಿಲ್ಲುತ್ತವೆ. ಜಾಲರಿಯ ಬಳಿ ಒಬ್ಬರು ನಿಂತು ಬಣ್ಣ, ವಾಸನೆ ನೋಡಲಿ, ಪಿಎಚ್ ಕಾಗದ ಅದ್ದಿ ನೋಡಲಿ. ಗ್ಯಾರೇಜಿನ ಆಯಿಲ್, ಹೋಟೆಲಿನ ಜಿಡ್ಡು, ಕಾರ್ಖಾನೆಯ ನೀರು ಬಂದರೆ ವಾಪಸ್ ಕಳಿಸಬೇಕು. ಜಿಡ್ಡು ಮರಳಿನ ಮೇಲೆ ಪದರ ಕಟ್ಟಿದರೆ ಆ ಮಡಿಯ ಮರಳನ್ನೇ ಬದಲಿಸಬೇಕಾಗುತ್ತದೆ. ಬಸ್ ನಿಲ್ದಾಣದ ಸಾರ್ವಜನಿಕ ಶೌಚಾಲಯದಿಂದ ಬರುವ ಹಸಿ ಮಲ ಬೇರೆಯೇ ತಲೆನೋವು: ಅದು ಕೊಳೆತಿರುವುದಿಲ್ಲ, ನೀರು ಬಿಡುವುದಿಲ್ಲ, ನಾತ ವಿಪರೀತ. ಅಂಥ ಒಂದು ಪಾಲಿಗೆ ಹಳೆಯ ಸೆಪ್ಟಿಕ್ ಟ್ಯಾಂಕಿನದು ಎರಡು ಪಾಲಾದರೂ ಬೆರೆಸಿ ಮಡಿಗೆ ಬಿಡಿ.

ಇನ್ನು ಚರಂಡಿ ನೀರು. ನಿಮ್ಮ ಅಳತೆ ದಿನಕ್ಕೆ 8 ಲಕ್ಷ ಲೀಟರ್, ಬಿಒಡಿ ಲೀಟರಿಗೆ 200 ಮಿಲಿಗ್ರಾಂ ಎಂದು ಬಂತೆನ್ನಿ. ನಾಲ್ಕು ಎಕರೆ ಇರುವವರಿಗೆ ಸಂಸ್ಕರಣಾ ಹೊಂಡಗಳ ಸಾಲು ಇದಕ್ಕೆ ಸಾಕು, ಮೋಟಾರ್ ಬೇಕಾಗಿಲ್ಲ. ಮೊದಲು 3.5 ಮೀಟರ್ ಆಳದ ಗಾಳಿಯಿಲ್ಲದ ಹೊಂಡ, ನೀರು ಎರಡು ದಿನ ನಿಲ್ಲುವಂತೆ, ಒಟ್ಟು 1,600 ಘನ ಮೀಟರ್. ಇದನ್ನು ಎರಡು ಭಾಗ ಮಾಡಿ ಪಕ್ಕಪಕ್ಕ ಕಟ್ಟಿ, ಒಂದನ್ನು ಹೂಳೆತ್ತುವಾಗ ಇನ್ನೊಂದು ನಡೆಯಬೇಕು. ಬಿಒಡಿ ಇಲ್ಲೇ ಅರ್ಧಕ್ಕೂ ಹೆಚ್ಚು ಇಳಿಯುತ್ತದೆ. ಆಮೇಲೆ ಒಂದೂವರೆ ಮೀಟರ್ ಆಳದ, ಪಾಚಿ ಬೆಳೆಯುವ ಅಗಲದ ಹೊಂಡ. ದಿನಕ್ಕೆ ಹೆಕ್ಟೇರಿಗೆ 250 ಕೆ.ಜಿ. ಬಿಒಡಿ ಲೆಕ್ಕದಲ್ಲಿ ಸುಮಾರು 2,900 ಚದರ ಮೀಟರ್. ಇಲ್ಲಿ ಗಾಳಿ ಊದುವ ಕೆಲಸ ಪಾಚಿಯದು, ಬಿಸಿಲು ಬಿದ್ದಷ್ಟೂ ನೀರಿಗೆ ಆಮ್ಲಜನಕ. ಕೊನೆಗೆ 1.2 ಮೀಟರ್ ಆಳದ ಎರಡು ಹೊಂಡಗಳು, ತಲಾ ಮೂರು ದಿನ ನೀರು ನಿಲ್ಲುವಂತೆ, ತಲಾ 2,000 ಚದರ ಮೀಟರ್. ರೋಗಾಣು ಸಾಯುವುದು ಮುಖ್ಯವಾಗಿ ಈ ಕೊನೆಯವುಗಳಲ್ಲಿ. ಏರಿ, ದಾರಿ ಸೇರಿಸಿ ಮೂರು ಎಕರೆ; ಉಳಿದ ಒಂದರಲ್ಲಿ ಮಡಿಗಳು, ಗೊಬ್ಬರದ ಕಟ್ಟೆ, ಕೊಠಡಿ. ಮಡಿಯಿಂದ ಬಸಿದ ನೀರು ದಿನಕ್ಕೆ ಆರೇಳು ಸಾವಿರ ಲೀಟರ್, ಅದನ್ನು ಮೊದಲ ಹೊಂಡಕ್ಕೇ ಸೇರಿಸಿ.

ಹೊಂಡ ಅಂದರೆ ತೋಡಿ ಬಿಟ್ಟರಾಯಿತು ಎನ್ನುವವರೇ ಹೆಚ್ಚು. ಕೆಂಪು ಮಣ್ಣಿನಲ್ಲಿ ಹಾಗೆ ಮಾಡಿದರೆ ಕೊಳಚೆ ಇಂಗಿ ಸುತ್ತಲಿನ ಬೋರ್‌ವೆಲ್‌ಗಳಿಗೆ ನೈಟ್ರೇಟ್ ಇಳಿಯುತ್ತದೆ. ಜೇಡಿಮಣ್ಣನ್ನು ತೆಳು ಪದರಗಳಾಗಿ ಹಾಕಿ ಹದವಾಗಿ ನೆನೆಸಿ ರೋಲರ್ ಓಡಿಸಿ, ಇಲ್ಲವೇ ಎಚ್‌ಡಿಪಿಇ (ದಪ್ಪ ಪ್ಲಾಸ್ಟಿಕ್) ಹಾಳೆ ಹಾಸಿ. ಗುತ್ತಿಗೆದಾರರಿಗೆ ಹಣ ಕೊಡುವ ಮುನ್ನ ತಿಳಿ ನೀರು ತುಂಬಿಸಿ ಒಂದು ವಾರ ಮಟ್ಟ ನೋಡಿ. ಏರಿಯ ಮೇಲೆ ಒಂದು ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಟ್ಟು ಅದರ ಇಳಿತವನ್ನೂ ಅಳೆಯಿರಿ. ಹೊಂಡ ಪಾತ್ರೆಗಿಂತ ದಿನಕ್ಕೆ ಎರಡು ಮೂರು ಮಿ.ಮೀ. ಹೆಚ್ಚು ಇಳಿದರೆ ಸೋರುತ್ತಿದೆ ಎಂದೇ ಅರ್ಥ. ಒಳಹರಿವು, ಹೊರಹರಿವು ಎದುರುಬದುರು ಮೂಲೆಗಳಲ್ಲಿರಲಿ. ಹೊರಹೋಗುವ ಪೈಪಿಗೆ ಟಿ ಜೋಡಿಸಿ ಬಾಯಿ ನೀರಿನೊಳಗೆ ಮುಳುಗಿರುವಂತೆ ಮಾಡಿ, ಇಲ್ಲದಿದ್ದರೆ ಮೇಲಿನ ಕೆನೆ ಮುಂದಿನ ಹೊಂಡಕ್ಕೆ ಹೋಗುತ್ತದೆ.

ಒಳಬರುವ ಬಾಯಲ್ಲಿ ಪ್ಲಾಸ್ಟಿಕ್ಕಿಗೆ ಓರೆಯಾಗಿ ನಿಂತ ಕಂಬಿ ಜಾಲರಿ, ಅದರ ಹಿಂದೆ ಮರಳು ಕೂರಲು ಎರಡು ಕಾಲುವೆ (ಒಂದು ನಡೆಯುವಾಗ ಇನ್ನೊಂದನ್ನು ಬಾಚಲು). ಜಾಲರಿಯನ್ನು ದಿನಾ ಬಾಚಬೇಕು. ಒಂದು ವಾರ ಬಿಟ್ಟರೆ ನೀರು ಉಕ್ಕಿ ರಸ್ತೆಗೆ ಬರುತ್ತದೆ, ಆಗ ಯಾರೋ ಕಂಬಿಯನ್ನೇ ಕಿತ್ತೆಸೆಯುತ್ತಾರೆ. ಮಳೆ ಬಂದಾಗ ಚರಂಡಿಯಲ್ಲಿ ಹರಿಯುವುದು ಹತ್ತಾರು ಪಟ್ಟು, ಅದೆಲ್ಲ ಹೊಂಡಕ್ಕೆ ನುಗ್ಗಿದರೆ ಪಾಚಿ ಕೊಚ್ಚಿಹೋಗುತ್ತದೆ. ಒಣ ದಿನದ ಹರಿವಿನ ಮೂರು ಪಟ್ಟು ದಾಟಿದ್ದು ಪಕ್ಕದ ಕೋಡಿ ಹಾರಿ ರಾಜಕಾಲುವೆಗೆ ಹೋಗುವಂತೆ ಮಟ್ಟ ಕಟ್ಟಿ.

ನಡೆಯುತ್ತಿರುವ ಹೊಂಡದ ಆರೋಗ್ಯ ಕಣ್ಣಿಗೇ ಕಾಣುತ್ತದೆ. ಎರಡನೆಯದು ಹಸಿರಾಗಿದ್ದರೆ ಸರಿ. ಗುಲಾಬಿ, ನೇರಳೆ ಬಣ್ಣಕ್ಕೆ ತಿರುಗಿದರೆ ಹೊರೆ ಹೆಚ್ಚಾಗಿದೆ, ಯಾರೋ ಕದ್ದು ಲೋಡು ಸುರಿಯುತ್ತಿರಬಹುದು. ಅಂತರಗಂಗೆ ಹಬ್ಬಿದರೆ ಬೆಳಕು ನಿಂತು ಪಾಚಿ ಸಾಯುತ್ತದೆ, ಒಂದು ಗಿಡ ಕಂಡಾಗಲೇ ಕೀಳಿಸಿ. ಸೊಳ್ಳೆ ಬರುವುದು ಬಯಲು ನೀರಿನಿಂದಲ್ಲ, ಅಂಚಿನ ಹುಲ್ಲಿನಿಂದ. ನೀರಿನ ಮಟ್ಟದಲ್ಲಿ ಕಲ್ಲು ಹೊದಿಸಿ, ಹುಲ್ಲು ಕೊಯ್ಯಿಸುತ್ತಿರಿ. ಮೊದಲ ಹೊಂಡದ ಹೂಳು ಅಳೆಯಲು ಉದ್ದನೆಯ ಗಳುವಿಗೆ ಬಿಳಿ ಟವೆಲ್ ಸುತ್ತಿ ನಿಧಾನಕ್ಕೆ ತಳ ಮುಟ್ಟುವವರೆಗೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಮೇಲೆತ್ತಿ. ಕಪ್ಪು ಹೂಳು ಎಲ್ಲಿಯವರೆಗೆ ಅಂಟಿದೆಯೋ ಅಷ್ಟು ಆಳ. ಮೂರನೇ ಒಂದು ಭಾಗ ತುಂಬಿದಾಗ ತೆಗೆಸಬೇಕು, ಪಂಪ್ ಹಾಕಿಯೇ ತೆಗೆಸಬೇಕು. ಹೊಂಡ, ಮ್ಯಾನ್‌ಹೋಲ್, ಟ್ಯಾಂಕ್ ಯಾವುದಕ್ಕೂ ಮನುಷ್ಯರನ್ನು ಇಳಿಸುವಂತಿಲ್ಲ. ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕನ್ನು ಸುರಕ್ಷತಾ ಸಾಧನವಿಲ್ಲದೆ ಮನುಷ್ಯರಿಂದ ಸ್ವಚ್ಛ ಮಾಡಿಸುವುದನ್ನು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ನಿಷೇಧಿಸಿದೆ. ಸಾವಾದರೆ ಪರಿಹಾರ 30 ಲಕ್ಷ ರೂಪಾಯಿ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ.

ಹೊಂಡಗಳಿಗೆ ಒಂದು ಮಿತಿ ಇದೆ, ಮುಚ್ಚಿಡುವುದು ಬೇಡ. ಹೊರಬರುವ ನೀರಿನಲ್ಲಿ ಪಾಚಿಯ ಕಣಗಳೇ ಇರುವುದರಿಂದ ಬಿಒಡಿ 30ರ ಆಸುಪಾಸಿನಲ್ಲಿ ಏರಿಳಿಯುತ್ತದೆ. 2017ರ ಕೇಂದ್ರ ಅಧಿಸೂಚನೆಯಲ್ಲಿ ಸಣ್ಣ ಊರುಗಳಿಗೆ ಬಿಒಡಿ 30, ಕೋಲಿಫಾರ್ಮ್ 100 ಮಿಲಿಲೀಟರಿಗೆ 1,000 ಎಂದಿದೆ. ಇದನ್ನು ಬಿಗಿ ಮಾಡಬೇಕೆಂದು ಹಸಿರು ನ್ಯಾಯಮಂಡಳಿ 2019ರಲ್ಲಿ ಆದೇಶಿಸಿದೆ. ನಿಮಗೆ ಯಾವ ಮಿತಿ ಎಂದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಡಿಪಿಆರ್‌ಗೆ (ವಿವರವಾದ ಯೋಜನಾ ವರದಿ) ಮೊದಲೇ ಲಿಖಿತವಾಗಿ ಪಡೆಯಿರಿ. ಬಿಒಡಿ 10 ಇರಬೇಕು ಎಂದರೆ ಕೊನೆಗೆ ಜೊಂಡು ನೆಟ್ಟ ಜಲ್ಲಿ ಸೋಸುಮಡಿ ಸೇರಿಸಬೇಕಾಗುತ್ತದೆ, ಜಾಗದ ಲೆಕ್ಕ ಬದಲಾಗುತ್ತದೆ. ಅದಕ್ಕಿಂತ ಒಳ್ಳೆಯದು ನೀರನ್ನು ಕೆರೆಗೆ ಬಿಡದೆ ಹೊಲಕ್ಕೆ ಕೊಡುವುದು. ಇದರಲ್ಲಿ ಉಳಿಯುವ ಸಾರಜನಕ, ರಂಜಕ ಕೆರೆಗೆ ಪಾಚಿಯ ಪೀಡೆ, ಹಿಪ್ಪುನೇರಳೆಗೆ ಮೇವಿನ ಹುಲ್ಲಿಗೆ ಗೊಬ್ಬರ. ಸೊಪ್ಪು, ಕೊತ್ತಂಬರಿ, ಮೂಲಂಗಿಗೆ ಮಾತ್ರ ಬೇಡ.

ಮಡಿಯ ಒಣ ಹಕ್ಕಳೆಯನ್ನೂ ನೇರ ರೈತರಿಗೆ ಕೊಡಬೇಡಿ. ಒಣಗಿದ ಮಾತ್ರಕ್ಕೆ ಜಂತುಹುಳುವಿನ ಮೊಟ್ಟೆ ಸಾಯುವುದಿಲ್ಲ. ಒಂದು ಪಾಲು ಹಕ್ಕಳೆಗೆ ಮೂರು ಪಾಲು ಊರಿನ ಹಸಿ ಕಸ ಬೆರೆಸಿ ರಾಶಿ ಹಾಕಿ. ರಾಶಿಯ ನಡುವಿಗೆ ಚುಚ್ಚಿದ ಥರ್ಮಾಮೀಟರ್ 55 ಡಿಗ್ರಿ ದಾಟಿ ಹಲವು ದಿನ ನಿಲ್ಲಬೇಕು, ಮಗುಚಿದ ಮೇಲೆ ಮತ್ತೆ ಏರಬೇಕು. ಏರದಿದ್ದರೆ ಒಂದೋ ನೀರು ಹೆಚ್ಚಾಗಿದೆ, ಇಲ್ಲವೇ ಗಾಳಿ ಸಾಲದು. ಇಷ್ಟು ನಿಗಾ ವಹಿಸಲಾಗದಿದ್ದರೆ ಮಳೆ ತಾಕದ ಜಾಗದಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಇಟ್ಟು ಆಮೇಲೆ ಕೊಡಿ.

ಹಣಕ್ಕೆ, ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳ ಬಳಸಿದ ನೀರಿನ ನಿರ್ವಹಣೆಯನ್ನು 2021ರಲ್ಲಿ ಶುರುವಾದ ಸ್ವಚ್ಛ ಭಾರತ್ ಮಿಷನ್ 2.0 ಒಳಗೊಂಡಿದೆ, ಮುಖ್ಯಾಧಿಕಾರಿಗಳ ಮೂಲಕ ಆ ದಾರಿ ನೋಡಿ. ಮಷಿನ್ ಮಾಲೀಕರಿಂದ ಸುರಿಯುವ ಶುಲ್ಕ ವಸೂಲು ಮಾಡುವ ಆಸೆ ಸದ್ಯಕ್ಕೆ ಬಿಡಿ. ಶುಲ್ಕ ಇಟ್ಟರೆ, ಇಲ್ಲವೇ ಸಂಜೆ ಐದಕ್ಕೇ ಗೇಟು ಹಾಕಿದರೆ ಲೋಡು ಮತ್ತೆ ಹಳ್ಳಕ್ಕೇ ಹೋಗುತ್ತದೆ. ಪರವಾನಗಿ ಕೊಟ್ಟು, ಜಿಪಿಎಸ್ ಕಡ್ಡಾಯ ಮಾಡಿ, ಘಟಕದ ಸಹಿ ಇರುವ ಟ್ರಿಪ್ ಚೀಟಿ ತೋರಿಸಿದವರಿಗೆ ಮಾತ್ರ ಪರವಾನಗಿ ನವೀಕರಿಸಿ. ಟೆಂಡರಿನಲ್ಲಿ ಕಟ್ಟುವುದರ ಜೊತೆ ಐದು ವರ್ಷದ ನಿರ್ವಹಣೆಯೂ ಇರಲಿ, ತಿಂಗಳ ಬಿಲ್ಲು ಲ್ಯಾಬ್ ವರದಿ ಮತ್ತು ಟ್ರಿಪ್ ಪುಸ್ತಕ ಎರಡನ್ನೂ ನೋಡಿದ ಮೇಲೆಯೇ ಪಾಸಾಗಲಿ. ಮಡಿಗಳನ್ನು ಮೊದಲ ಹಂತದಲ್ಲೇ ಕಟ್ಟಿ ಮುಗಿಸಿ, ಹೊಂಡಗಳ ಗಾತ್ರವನ್ನು ವಿ-ನಾಚ್ ಓದುಗಳು ಕೈಗೆ ಬಂದ ಮೇಲೆ ನಿರ್ಧರಿಸಿ. ಮುಂದೆ ಎಂದಾದರೂ ಯುಜಿಡಿ ಬಂದು ಮನೆಮನೆಗೆ ಸಂಪರ್ಕ ಆದ ಮೇಲೆ ಎಸ್‌ಬಿಆರ್ ಪ್ರಸ್ತಾವವನ್ನು ಮತ್ತೆ ತೆರೆದು ನೋಡಬಹುದು.